ಐದನೇ ಮತ್ತು ಆರನೇ ಲೈನಿನ ಬ್ಯಾಟರಿಗಳು

ಚಾರ್ಜಿಗೆ ಹಾಕಿದ ಬ್ಯಾಟರಿ ಎಷ್ಟು ಬಿಸಿಯಾಗಿದೆ ಎಂದು ನೋಡಲು ನಾನು ಅಂಗೈ ಇಡುತ್ತಿರಲಿಲ್ಲ, ಬೆರಳುಗಳ ಹಿಂಬದಿ ಇಡುತ್ತಿದ್ದೆ. ಕೆಲಸ ಮಾಡುವವರ ಅಂಗೈ ಜಡ್ಡುಗಟ್ಟಿರುತ್ತದೆ, ಅದಕ್ಕೆ ಬೇಗ ಏನೂ ತಿಳಿಯುವುದಿಲ್ಲ. ಬೆರಳಿನ ಹಿಂಬದಿಯ ಚರ್ಮಕ್ಕೆ ಮಾತ್ರ ಇನ್ನೂ ಭಯವಿರುತ್ತದೆ. ಬ್ಯಾಟರಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಬೆರಳು ಇಡಲಾಗದಿದ್ದರೆ ಮೊದಲು ಚಾರ್ಜರಿನ ಸ್ವಿಚ್ಚು ಆರಿಸಿ, ಆಮೇಲೆ ಕ್ಲಿಪ್ಪು ಬಿಡಿಸಿ. ಯಾಕೆ ಬಿಸಿಯಾಯಿತು ಎಂಬ ಯೋಚನೆ ಅದಾದ ಮೇಲೆ. ಸ್ವಿಚ್ಚು ಆರಿಸದೆ ಕ್ಲಿಪ್ಪು ಕಿತ್ತರೆ ಕಿಡಿ ಹಾರುತ್ತದೆ. ಬಿಸಿಯಾದ ಬ್ಯಾಟರಿ ಬಿಡುವ ಅನಿಲ ಹೊತ್ತಿಕೊಂಡು ಸಿಡಿಯಲು ಒಂದು ಕಿಡಿ ಸಾಕು.

ನಾನು ಕೆಲಸ ಬಿಟ್ಟು ಎರಡು ವರ್ಷವಾಗುತ್ತಾ ಬಂತು. ಈಗ ಐಟಿಐ ಓದಿದ ಹೆಣ್ಣುಮಕ್ಕಳೂ ಸರ್ವಿಸ್ ಸೆಂಟರುಗಳಿಗೆ ಸೇರುತ್ತಿದ್ದಾರೆ. ಅವರಿಗೆ ಕಂಪನಿಯವರು ದಪ್ಪ ಪುಸ್ತಕ ಕೊಡುತ್ತಾರೆ. ಬ್ಯಾಟರಿ ಬಿಸಿಯಾಗಲು ಏನೇನು ಕಾರಣ ಎಂದು ಅದರಲ್ಲಿ ಚೆನ್ನಾಗಿಯೇ ಬರೆದಿದೆ. ಆದರೆ ಕಾರಣ ನಾವೇ ಆಗಿದ್ದಾಗ ಏನು ಮಾಡಬೇಕು ಎಂದು ಅದರಲ್ಲಿ ಇಲ್ಲ. ನನಗೆ ಬರೆಯಬೇಕಾಗಿರುವುದು ಅದು.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ತರೀಕೆರೆಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಹನುಮಂತಪ್ಪ ಮೇಸ್ತ್ರಿಗಳ ಬ್ಯಾಟರಿ ಅಂಗಡಿಗೆ ಚೀಟಿ ಬರೆಯಲು ಸೇರಿದೆ. ಯಾರ ಬ್ಯಾಟರಿ, ಯಾವತ್ತು ಕೊಟ್ಟರು, ಯಾವತ್ತು ಬರಬೇಕು, ಇಷ್ಟು ಬರೆದರೆ ನನ್ನ ಕೆಲಸ ಮುಗಿಯುತ್ತಿತ್ತು. ಸುಮ್ಮನೆ ಕೂರಲಾರದೆ ಒಂದೊಂದೇ ಕೆಲಸ ಕಲಿತೆ. ಆಗಿನ ಬ್ಯಾಟರಿಗೆ ಮೇಲೆ ಆರು ಬಿರಡೆ ಇರುತ್ತಿದ್ದವು. ಚಾರ್ಜಿಗೆ ಹಾಕುವ ಮೊದಲು ಬಿರಡೆ ತೆಗೆದು, ಒಳಗಿನ ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ತುಂಬಬೇಕು.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಅಲ್ಲೇ. ಅಂಗಡಿಯಲ್ಲಿ ಎರಡು ಬಿಳಿ ಕ್ಯಾನು ಅಕ್ಕಪಕ್ಕ ಇರುತ್ತಿದ್ದವು, ಒಂದರಲ್ಲಿ ನೀರು, ಇನ್ನೊಂದರಲ್ಲಿ ಆ್ಯಸಿಡ್. ಒಂದು ದಿನ ಸಂತೆಗೆ ಬಂದವರ ಗದ್ದಲದಲ್ಲಿ, ಹಾಲಿನ ಡೇರಿಯ ಒಬ್ಬರ ಬ್ಯಾಟರಿಗೆ ನೀರಿನ ಬದಲು ಆ್ಯಸಿಡ್ ತುಂಬಿ ಚಾರ್ಜಿಗೆ ಹಾಕಿಬಿಟ್ಟೆ. ಸ್ವಲ್ಪ ಹೊತ್ತಿಗೆ ಬಿರಡೆಯ ತೂತುಗಳಿಂದ ಆವಿ ಬರತೊಡಗಿತು. ಮೇಸ್ತ್ರಿ ಬಂದು ವೈರು ಬಿಡಿಸಿ, ಕ್ಯಾನು ಮೂಸಿ, ನನ್ನ ಮುಖ ನೋಡಿದರು. ಬೈಯಲಿಲ್ಲ. ಆ್ಯಸಿಡ್ ಕ್ಯಾನಿನ ಸುತ್ತ ಕೆಂಪು ಬಣ್ಣದ ಪಟ್ಟೆ ಬಳಿದರು. ಡೇರಿಯವರು ಬಂದಾಗ ಮಾತ್ರ, "ನಿಮ್ಮ ಬ್ಯಾಟ್ರಿ ಪ್ಲೇಟು ಹಳೇದಾಗಿತ್ತು ಕಣ್ರೀ, ತಡೀಲಿಲ್ಲ" ಎಂದರು. ಅವರು ನಂಬಿ ಹೋದರು. ನನಗೆ ಹೋದ ಜೀವ ಬಂದಂತಾಯಿತು. ಮೇಸ್ತ್ರಿ ನನ್ನನ್ನು ಉಳಿಸಿದರು ಎಂದುಕೊಂಡೆ. ಹಾಗೆ ಉಳಿಸಿಕೊಳ್ಳುವುದನ್ನೂ ನಾನು ಅವತ್ತೇ ಕಲಿತೆ ಎನ್ನುವುದು ಬಹಳ ವರ್ಷ ತಿಳಿಯಲಿಲ್ಲ.

ಆಮೇಲೆ ಮದುವೆಯಾಗಿ ಕಡೂರಿಗೆ ಬಂದೆ. ಅಲ್ಲಿ ಹೊಸದಾಗಿ ಶುರುವಾಗಿದ್ದ ಒಂದು ಬೈಕ್ ಶೋರೂಮಿನ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ರೂಮು ನನ್ನ ಪಾಲಿಗೆ ಬಂತು. ಕೆಲಸದ ರೀತಿ ಕಣ್ಣೆದುರೇ ಬದಲಾಯಿತು. ಬಿರಡೆ ಇಲ್ಲದ, ಸೀಲು ಮಾಡಿದ ಬ್ಯಾಟರಿಗಳು ಬಂದವು. ಒಳಗೆ ಏನಾಗಿದೆ ಎಂದು ಇಣುಕಿ ನೋಡುವಂತಿಲ್ಲ, ನೀರು ತುಂಬುವಂತಿಲ್ಲ. ಒಮ್ಮೆ ಕಾದು ಒಳಗಿನ ತೇವ ಆರಿಹೋದರೆ ಆರಿದ್ದೇ. ಹೊರಗಿನಿಂದ ಹೊಸದರಂತೆ ಕಾಣುತ್ತದೆ, ಮೀಟರಿಗೂ ಒಂದೆರಡು ದಿನ ಸರಿಯಾಗಿಯೇ ಕಾಣುತ್ತದೆ.

ಬೀರೂರಿನ ಹೋಟೆಲಿನವರೊಬ್ಬರ ಬೈಕು ಹೀಗೆ ನನ್ನನ್ನು ಗೋಳಾಡಿಸಿತು. ಒಂದೇ ವರ್ಷದಲ್ಲಿ ಮೂರು ಬ್ಯಾಟರಿ ಬೆಂದುಹೋದವು. ಎಂಜಿನ್ನು ಓಡುವಾಗ ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿ ಇಡುವ ಪುಟ್ಟ ಪೆಟ್ಟಿಗೆಯನ್ನು ರೆಗ್ಯುಲೇಟರ್ ಎನ್ನುತ್ತಾರೆ. ಅದನ್ನೂ ಎರಡು ಸಲ ಬದಲಾಯಿಸಿದೆವು. ಕೊನೆಗೆ ನಮ್ಮ ಎಲೆಕ್ಟ್ರಿಷಿಯನ್ ಮಂಜುನಾಥ ರೆಗ್ಯುಲೇಟರಿನ ಬೋಲ್ಟು ಬಿಚ್ಚಿ ನೋಡಿದರೆ, ಬೈಕಿಗೆ ಹೊಸ ಬಣ್ಣ ಹೊಡೆಸಿದ್ದಾಗ ಬೋಲ್ಟಿನ ಕೆಳಗೂ ಬಣ್ಣ ಕೂತಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗದೆ ಅರ್ಥಿಂಗ್ ತಪ್ಪಿ, ಅದು ಬ್ಯಾಟರಿಗೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ತಳ್ಳುತ್ತಿತ್ತು. ಮರಳುಕಾಗದದಿಂದ ಉಜ್ಜಿದ್ದಷ್ಟೇ, ಆಮೇಲೆ ಒಂದು ಬ್ಯಾಟರಿಯೂ ಬೇಯಲಿಲ್ಲ. ಬಿಸಿಯಾದ ವಸ್ತುವನ್ನೇ ನೋಡುತ್ತಾ ಕೂರಬಾರದು, ಅದಕ್ಕೆ ಉಣಿಸುತ್ತಿರುವುದು ಯಾವುದು ಎಂದು ನೋಡಬೇಕು ಎಂದು ನಾನು ಆಗಿನಿಂದ ಎಲ್ಲರಿಗೂ ಹೇಳುತ್ತಾ ಬಂದೆ. ಎಲ್ಲರಿಗೂ ಹೇಳಿದವಳು ನಾನೇ ಮರೆತೆ.

ಅದು ನಾನು ಕೆಲಸ ಬಿಡುವುದಕ್ಕೆ ಒಂದು ವರ್ಷ ಇದ್ದಾಗಿನ ಬೇಸಿಗೆ. ನಮ್ಮ ರೂಮಿನಲ್ಲಿ ಎಂಟು ಲೈನಿನ ಚಾರ್ಜರ್ ಇತ್ತು, ಒಂದೇ ಹೊತ್ತಿಗೆ ಎಂಟು ಬ್ಯಾಟರಿ ಹಾಕಬಹುದು. ಪ್ರತಿ ಲೈನಿಗೂ ಎಷ್ಟು ಆಂಪಿಯರ್ ಹೋಗುತ್ತಿದೆ ಎಂದು ಅದರ ಮುಖದ ಮೇಲೆ ಕೆಂಪು ಅಂಕಿ ಕಾಣುತ್ತದೆ. ಒಂದು ಸೋಮವಾರ ಸಂಜೆ ಗುಡುಗು ಸಿಡಿಲಿನ ಮಳೆ ಬಂದು ಕರೆಂಟು ಏರಿಳಿದು ಚಾರ್ಜರ್ ನಿಂತುಹೋಯಿತು. ಮರುದಿನ ಫ್ಯೂಸು ಹಾಕಿದ ಮೇಲೆ ಮತ್ತೆ ಅಂಕಿಗಳು ಬಂದವು. ಎಲ್ಲಾ ಲೈನೂ ಅರ್ಧ ಆಂಪಿಯರ್ ತೋರಿಸಿದವು. ಬೈಕಿನ ಸಣ್ಣ ಬ್ಯಾಟರಿಗೆ ಅದು ಸರಿಯಾದ ಲೆಕ್ಕ.

ಅವತ್ತಿನಿಂದ ಕೆಲವು ಬ್ಯಾಟರಿ ಬಿಸಿಯಾಗತೊಡಗಿದವು. ಎಲ್ಲವೂ ಅಲ್ಲ. ನಾನು ಮ್ಯಾನೇಜರ್ ಪ್ರಸನ್ನನಿಗೆ ಹೇಳಿದೆ. ಅವನು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ, ಆದರೆ ಮಾಲೀಕರ ಫೋನು ಬಂದರೆ ಎದ್ದು ನಿಂತು ಮಾತಾಡುವವನು.

"ಡಿಸ್ಪ್ಲೇ ಸರಿಯಾಗೇ ತೋರಿಸ್ತಿದೆಯಲ್ಲ ಮೇಡಂ? ಏಪ್ರಿಲ್ ತಿಂಗಳು, ಶೀಟಿನ ರೂಮು. ನಮಗೇ ಸೆಕೆ ತಡೆಯೋಕಾಗ್ತಿಲ್ಲ, ಬ್ಯಾಟರಿ ಬಿಸಿ ಆಗಲ್ವಾ?" ಎಂದ.

ಇರಬಹುದು ಅನ್ನಿಸಿತು. ಫ್ಯಾನು ಇಟ್ಟೆ. ಶುಕ್ರವಾರದವರೆಗೂ ಹಾಗೇ ನಡೆಸಿದೆ. ಬೆರಳು ತಪ್ಪು ಎನ್ನುತ್ತಿತ್ತು, ಅಂಕಿ ಸರಿ ಎನ್ನುತ್ತಿತ್ತು. ನಾನು ಅಂಕಿಯ ಮಾತು ಕೇಳಿದೆ.

ಶನಿವಾರ ಬೆಳಿಗ್ಗೆ ಅಜ್ಜಂಪುರದಿಂದ ಗೂಡ್ಸ್ ಆಟೋದಲ್ಲಿ ಒಂದು ಬೈಕು ಬಂತು. ಜೊತೆಯಲ್ಲಿ ಅದರ ಮಾಲೀಕ ಬಸವರಾಜು, ಟೈಲರ್. ಬುಧವಾರ ನಮ್ಮಲ್ಲಿ ಬ್ಯಾಟರಿ ಚಾರ್ಜು ಮಾಡಿಸಿಕೊಂಡು ಹೋಗಿದ್ದ. ಈಗ ಬಲತೊಡೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಇಳಿದ.

"ಸೆಲ್ಫ್ ಒತ್ತಿದ್ದೇ ತಡ, ಢಂ ಅಂತು ಕಣಮ್ಮ. ಸೀಟೇ ಎದ್ದೋಯ್ತು. ನೀರಿನ ತೊಟ್ಟಿ ಪಕ್ಕದಾಗೇ ಇತ್ತು, ಅದ್ರಾಗೇ ಹೋಗಿ ಕೂತ್ಕಂಡೆ. ಇಲ್ದಿದ್ರೆ ಏನಾಗ್ತಿತ್ತೋ" ಎಂದ. ತೊಡೆಯ ಚರ್ಮ ಅಂಗೈಯಗಲ ಸುಟ್ಟಿತ್ತು. ಮುಖಕ್ಕೆ ಸಿಡಿದಿರಲಿಲ್ಲ.

ಸೀಟಿನ ಕೆಳಗೆ ಬ್ಯಾಟರಿಯ ಮೇಲ್ಭಾಗ ಒಡೆದು ಚೂರಾಗಿತ್ತು. ಪ್ರಸನ್ನ ಬೈಕಿನ ಸುತ್ತ ಒಂದು ಸುತ್ತು ಬಂದ. ಮುಂದೆ ಹ್ಯಾಂಡಲ್ಲಿನ ಕೆಳಗೆ ಎರಡು ಹೆಚ್ಚುವರಿ ಎಲ್‌ಇಡಿ ಲೈಟು ಇದ್ದವು. ಅವನ ಮುಖ ಹಗುರವಾದದ್ದು ನನಗೆ ಕಂಡಿತು.

"ಇವನ್ನ ಯಾರು ಹಾಕಿದ್ದು?"

"ನನ್ನ ಹೆಂಡ್ತಿ ತಮ್ಮ, ರಾಜಣ್ಣ. ಕತ್ತಲಾದ್ಮೇಲೆ ದಾರಿ ಕಾಣಲ್ಲ ಅಂತ ಅವನೇ ತಂದು ಹಾಕ್ಕೊಟ್ಟ."

"ಅದೇ ನೋಡಿ. ಹೊರಗಿನ ಲೈಟು ಹಾಕಿದ್ರೆ ಹಿಂಗೇ ಆಗೋದು." ಪ್ರಸನ್ನ ಗಾಡಿಯ ರಿಪೇರಿ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ, ಹೆಚ್ಚುವರಿ ಲೈಟು ಹಾಕಿದ್ದರಿಂದ ಬ್ಯಾಟರಿ ಬಿಸಿಯಾಗಿ ಒಡೆದಿದೆ ಎಂದು ಬರೆದು ನನ್ನ ಮುಂದೆ ಹಿಡಿದ. ಬ್ಯಾಟರಿ ರೂಮಿನವರ ಸಹಿ ಬೇಕಿತ್ತು.

ಲೈಟು ಹೆಚ್ಚಾದರೆ ಬ್ಯಾಟರಿ ಬರಿದಾಗುತ್ತದೆ, ಕುದಿಯುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಹಿ ಹಾಕಿದೆ. ಯಾರೂ ನನ್ನನ್ನು ಗದರಿಸಲಿಲ್ಲ, ಒತ್ತಾಯ ಮಾಡಲಿಲ್ಲ. ಬಸವರಾಜು ಅದರ ತನ್ನ ಪ್ರತಿ ಓದಿ, ಮಡಿಸಿ ಜೇಬಿಗೆ ಇಟ್ಟುಕೊಂಡು, "ಅವನಿಗೆ ಬುದ್ಧಿ ಇಲ್ಲ ಬಿಡಮ್ಮ" ಎಂದಷ್ಟೇ ಹೇಳಿ ಆಸ್ಪತ್ರೆ ಕಡೆ ಹೋದ.

ಮನೆಗೆ ಹೋದ ಮೇಲೂ, ಬುಧವಾರ ಆ ಬ್ಯಾಟರಿ ಎಷ್ಟನೇ ಲೈನಿನಲ್ಲಿತ್ತು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಗೋಡೆಯಿಂದ ಎಣಿಸಿದರೆ ಐದೋ, ಆರೋ.

ಭಾನುವಾರ ಮಧ್ಯಾಹ್ನದವರೆಗೆ ಸೆಂಟರ್ ತೆಗೆದಿರುತ್ತದೆ. ನಾನು ಏಳೂವರೆಗೇ ಹೋಗಿ, ಮೀಟರನ್ನು ಲೈನಿಗೂ ಬ್ಯಾಟರಿಗೂ ನಡುವೆ ಜೋಡಿಸಿ ಒಂದೊಂದೇ ಲೈನು ಅಳೆದೆ. ಒಂದರಿಂದ ನಾಲ್ಕು, ಅರ್ಧ ಆಂಪಿಯರ್. ಐದನೆಯದು, ಚಾರ್ಜರಿನ ಮುಖದ ಮೇಲೆ ಅರ್ಧ, ನನ್ನ ಮೀಟರಿನಲ್ಲಿ ಮೂರಕ್ಕಿಂತ ಹೆಚ್ಚು. ಆರನೆಯದೂ ಹಾಗೇ. ಏಳು, ಎಂಟು ಸರಿಯಿದ್ದವು. ಮೀಟರೇ ಕೆಟ್ಟಿರಬಹುದೆಂದು ಮಂಜುನಾಥನ ಮೀಟರ್ ತಂದು ಹಾಕಿದೆ. ಅದೂ ಅಷ್ಟೇ ಹೇಳಿತು. ಸಿಡಿಲಿಗೆ ಆ ಎರಡು ಲೈನುಗಳ ಒಳಗೆ ಏನೋ ಸುಟ್ಟಿತ್ತು, ಅಂಕಿ ಮಾತ್ರ ಬದಲಾಗಿರಲಿಲ್ಲ. ನಾನು ನಾಲ್ಕು ದಿನ ಆ ಎರಡು ಲೈನಿಗೆ ಕೊಟ್ಟ ಬ್ಯಾಟರಿಗಳನ್ನು ಬೇಯಿಸಿ, ಒರೆಸಿ, ಜನರಿಗೆ ವಾಪಸು ಕೊಟ್ಟಿದ್ದೆ.

ರಿಜಿಸ್ಟರು ತೆಗೆದೆ. ಲೈನ್ ನಂಬರು ಬರೆಯುವ ಅಭ್ಯಾಸ ನನಗಿತ್ತು. ಆರು ಬ್ಯಾಟರಿ. ಒಂದು ಇನ್ನೂ ನಮ್ಮಲ್ಲೇ ಇತ್ತು. ಒಂದು ಬಸವರಾಜನದು. ಮೂರು ಕಡೂರಿನ ಸುತ್ತಮುತ್ತಲಿನವರದು. ಆರನೆಯ ಹೆಸರನ್ನು ಎರಡು ಸಲ ಓದಿದೆ. ಅಶ್ವಿನಿ, ಸಿಂಗಟಗೆರೆ.

ಅಶ್ವಿನಿಯ ಗಂಡ ಬೋರ್‌ವೆಲ್ ಗಾಡಿಯಲ್ಲಿ ಊರೂರು ತಿರುಗುವವನು. ಅವನ ಬೈಕನ್ನು ಈಗ ಅವಳೇ ಓಡಿಸುತ್ತಿದ್ದಳು. ಗುರುವಾರ ಬ್ಯಾಟರಿ ತೆಗೆದುಕೊಂಡು ಹೋಗುವಾಗ ನನ್ನ ಹತ್ತಿರ ನಿಂತು ಸಂಭ್ರಮದಿಂದ ಹೇಳಿದ್ದಳು: "ಭಾನುವಾರ ನಮ್ಮತ್ತೇನ ಹೆಬ್ಬೆ ಫಾಲ್ಸಿಗೆ ಕರ್ಕಂಡು ಹೋಗ್ತೀನಿ ಅಕ್ಕ. ಲಿಂಗದಹಳ್ಳಿ ತಾವ ಹುಟ್ಟಿ ಬೆಳೆದವ್ರು, ಒಂದಿನಾನೂ ಅದನ್ನ ನೋಡಿಲ್ವಂತೆ."

ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಬಂತು. ಹೆಬ್ಬೆಗೆ ಹೋಗುವವರು ಕೆಮ್ಮಣ್ಣುಗುಂಡಿಯವರೆಗೆ ಗಾಡಿಯಲ್ಲಿ ಹೋಗಿ ಅಲ್ಲಿಂದ ಜೀಪು ಹಿಡಿಯಬೇಕು, ಆ ಬೆಟ್ಟದಲ್ಲಿ ಸಿಗ್ನಲ್ ಸಿಗುವುದಿಲ್ಲ. ಆಗಲೇ ಹೊರಟಿದ್ದರು.

ಅಷ್ಟರಲ್ಲಿ ಪ್ರಸನ್ನ ಬಂದ. ಅವನಿಗೆ ಎರಡೂ ಮೀಟರು ತೋರಿಸಿದೆ. ಬಹಳ ಹೊತ್ತು ನೋಡಿದ.

"ಮಾಲೀಕರು ನಾಳೆ ಬರ್ತಾರೆ ಮೇಡಂ. ಅವರನ್ನ ಕೇಳಿ ಏನು ಮಾಡ್ಬೇಕೋ ಮಾಡೋಣ. ನಾವಾಗೇ ಫೋನ್ ಮಾಡಿ ನಿಮ್ಮ ಬ್ಯಾಟರಿ ಒಡೀಬಹುದು ಅಂದ್ರೆ ನಾಳೆಯಿಂದ ಯಾರು ಬರ್ತಾರೆ ಇಲ್ಲಿಗೆ?"

"ಪ್ರಸನ್ನ, ಆ ಹುಡುಗಿ ಅತ್ತೇನ ಕೂರಿಸ್ಕೊಂಡು ಘಾಟಿ ಹತ್ತುತಿದಾಳೆ."

"ನಿನ್ನೇದಕ್ಕೆ ನೀವೇ ಸಹಿ ಹಾಕಿದೀರಲ್ಲ ಮೇಡಂ. ಈಗ ಹಿಂಗಂದ್ರೆ ಹೆಂಗೆ? ನನಗೂ ಮನೆ ಇದೆ." ಹೆದರಿಕೆ ನನಗೊಬ್ಬಳಿಗೇ ಅಲ್ಲ ಎಂದು ತಿಳಿಯಿತು.

ನಾನು ಉಳಿದ ಮೂವರ ಹೆಸರು, ನಂಬರು ಒಂದು ಚೀಟಿಯಲ್ಲಿ ಬರೆದು ಅವನ ಮೇಜಿನ ಮೇಲಿಟ್ಟೆ. "ನಾನು ಕೆಮ್ಮಣ್ಣುಗುಂಡಿಗೆ ಹೋಗ್ತಿದೀನಿ" ಎಂದೆ. ಮಂಜುನಾಥ ಏನೂ ಕೇಳದೆ ಹೊಸ ಬ್ಯಾಟರಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಬೈಕು ತೆಗೆದ. ನಾನು ಕೈಗವಸು, ಕನ್ನಡಕ, ಪಕ್ಕದ ಅಂಗಡಿಯಿಂದ ಒಂದು ಪೊಟ್ಟಣ ಅಡುಗೆ ಸೋಡ ತೆಗೆದುಕೊಂಡೆ. ಆ್ಯಸಿಡ್ ಚೆಲ್ಲಿದರೆ ಸೋಡದ ನೀರು ಬೇಕು.

ಬೀರೂರು ದಾಟಿ ಲಿಂಗದಹಳ್ಳಿಯ ರಸ್ತೆ ಹಿಡಿದೆವು. ರಸ್ತೆ ಬದಿಯಲ್ಲಿ ನಾಲ್ಕು ಜನ ಗುಂಪಾಗಿ ನಿಂತಿದ್ದರೆ ಸಾಕು, ಮಂಜುನಾಥನ ಭುಜ ಹಿಡಿದು ನಿಲ್ಲಿಸಿ ನೋಡುತ್ತಿದ್ದೆ. ಒಂದು ಕಡೆ ಯಾರದೋ ಟೈರು ಪಂಚರು. ಇನ್ನೊಂದು ಕಡೆ ಎಳನೀರು ಮಾರುತ್ತಿದ್ದರು. ಲಿಂಗದಹಳ್ಳಿಯ ಟೀ ಅಂಗಡಿಯಲ್ಲಿ ಕೇಳಿದೆವು.

"ಕೆಂಪು ಬೈಕಲ್ಲಿ ಇಬ್ರು ಹೆಂಗಸರಾ? ಹೂಂ, ಬಂದಿದ್ರು. ಅಜ್ಜಿ ಸೆರಗ ಸೊಂಟಕ್ಕೆ ಬಿಗಿದ್ಕಂಡು ಗಂಡಸ್ರಂಗೆ ಕೂತಿತ್ತು" ಎಂದು ಅಂಗಡಿಯವನು ನಕ್ಕ. ನನಗೆ ನಗು ಬರಲಿಲ್ಲ. ಅಲ್ಲಿವರೆಗೆ ಏನೂ ಆಗಿಲ್ಲ ಎಂಬುದಷ್ಟೇ ಕಿವಿಗೆ ಬಿತ್ತು.

ಘಾಟಿಯಲ್ಲಿ ಗಾಡಿ ಕೆಳಗಿನ ಗೇರಿನಲ್ಲಿ ಜೋರಾಗಿ ಓಡುತ್ತದೆ. ಬ್ಯಾಟರಿಗೆ ಬಿಡುವಿಲ್ಲದೆ ಚಾರ್ಜು ಹೋಗುತ್ತದೆ. ಒಳಗೆ ಆರಿಹೋದ ಬ್ಯಾಟರಿ ಅದನ್ನು ಇಟ್ಟುಕೊಳ್ಳಲಾರದೆ ಕಾಯುತ್ತದೆ, ಕಾದಷ್ಟೂ ಇನ್ನಷ್ಟು ಕರೆಂಟು ಎಳೆಯುತ್ತದೆ. ಪ್ರತಿ ತಿರುವಿನಲ್ಲೂ ಇದೇ ನನ್ನ ತಲೆಯಲ್ಲಿತ್ತು.

ಕೆಮ್ಮಣ್ಣುಗುಂಡಿಯಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ಸಾಲು ಸಾಲು ಬೈಕುಗಳಿದ್ದವು. ನಡುವೆ ಆ ಕೆಂಪು ಬೈಕು ಕಂಡಿತು. ಅವರು ಜೀಪಿನಲ್ಲಿ ಹೆಬ್ಬೆಯ ಕಡೆ ಹೋಗಿಯಾಗಿತ್ತು. ಎಲ್ಲಾ ಬೈಕೂ ಒಂದೇ ಬಿಸಿಲಿನಲ್ಲಿ ನಿಂತಿದ್ದವು. ಎಡಬಲದ ಬೈಕುಗಳ ಸೀಟು ಮುಟ್ಟಿದೆ, ಬೆಚ್ಚಗಿದ್ದವು. ಇದರ ಸೀಟಿನ ಹಿಂಬದಿಗೆ ಬೆರಳು ಇಡಲಾಗಲಿಲ್ಲ. ಬಗ್ಗಿದರೆ ಕೊಳೆತ ಮೊಟ್ಟೆಯ ವಾಸನೆ, ಬೆಂದ ಬ್ಯಾಟರಿ ಬಿಡುವ ವಾಸನೆ ಅದು.

ಕೀಲಿಯಿಲ್ಲದೆ ಸೀಟು ತೆಗೆಯುವಂತಿರಲಿಲ್ಲ. ಬೀಗ ಮೀಟಲು ಹೋದರೆ ಎಲ್ಲಿ ಕಿಡಿ ಹಾರುವುದೋ ಎಂದು ಮಂಜುನಾಥನೂ ಹಿಂಜರಿದ. ಕಾಯುವುದೊಂದೇ ಉಳಿದಿತ್ತು. ಒಬ್ಬ ಪ್ರವಾಸಿ ಸಿಗರೇಟು ಹಚ್ಚಿಕೊಂಡು ಬಂದು ಆ ಬೈಕಿಗೇ ಒರಗಿ ನಿಂತ. "ಈ ಕಡೆ ಬನ್ನಿ ಸ್ವಾಮಿ, ಈ ಕಡೆ ಬನ್ನಿ" ಎಂದು ನಾನು ಕೂಗಿದ ಕೂಗಿಗೆ ಅವನು ಹೆದರಿ ಸಿಗರೇಟು ಕೆಳಗೆ ಹಾಕಿದ. ಅದನ್ನು ಚಪ್ಪಲಿಯಲ್ಲಿ ಹೊಸಕಿದೆ. ಅಕ್ಕಪಕ್ಕದ ಬೈಕುಗಳನ್ನು ಮಂಜುನಾಥ ಒಂದೊಂದಾಗಿ ದೂರಕ್ಕೆ ತಳ್ಳಿಸಿದ. ಏನು ಏನು ಎಂದು ಜನ ಕೇಳಿದರು. "ಬ್ಯಾಟರಿ ಕೆಟ್ಟಿದೆ" ಎಂದಷ್ಟೇ ಹೇಳಿದೆ. ಯಾರು ಕೆಡಿಸಿದ್ದು ಎಂದು ಹೇಳಲು ಇನ್ನೂ ಬಾಯಿ ಬರಲಿಲ್ಲ.

ಎರಡು ಗಂಟೆಯಾದ ಮೇಲೆ ಜೀಪು ಬಂತು. ಅಶ್ವಿನಿ ದೂರದಿಂದಲೇ ನನ್ನನ್ನು ನೋಡಿ ಕೈ ಬೀಸಿದಳು. ಬಟ್ಟೆಯೆಲ್ಲ ಒದ್ದೆ, ಮುಖದ ತುಂಬ ನಗು.

"ಗಿರಿಜಕ್ಕಾ! ನೀವೂ ಬಂದ್ರಾ?" ಎನ್ನುತ್ತಾ ಕೈಯಲ್ಲಿ ಕೀಲಿ ಹಿಡಿದು ಸೀದಾ ಬೈಕಿನ ಹತ್ತಿರಕ್ಕೇ ನಡೆದಳು.

ನಾನು ಅಡ್ಡ ನಿಂತು ಅವಳ ಮುಂಗೈ ಹಿಡಿದೆ. "ಗಾಡಿ ಆನ್ ಮಾಡಬೇಡಮ್ಮ. ಕೀಲಿ ನನಗೆ ಕೊಡು."

"ಯಾಕಕ್ಕ? ಏನಾಯ್ತು?"

ಅಲ್ಲಿಯವರೆಗೆ ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದಷ್ಟು ಮಾತು ಜೋಡಿಸಿಕೊಂಡಿದ್ದೆ. ಚಾರ್ಜರು, ಸಿಡಿಲು, ಅಂಕಿ. ಅದೆಲ್ಲ ಹೋಗಿ, "ನಿನ್ನ ಬ್ಯಾಟರಿ ನಾನು ಕೆಡಿಸಿ ಕೊಟ್ಟಿದೀನಿ. ಈಗ ಸ್ಟಾರ್ಟ್ ಮಾಡಿದ್ರೆ ಒಡೀಬಹುದು" ಎಂದುಬಿಟ್ಟೆ.

ಅವಳ ನಗು ನಿಂತಿತು. ಹಿಂದೆ ಬಂದ ಅವಳ ಅತ್ತೆ ಕೆಂಚಮ್ಮ, "ನಾನು ಬರ್ತಾನೇ ಅಂದ್ನಲ್ಲೇ, ಕುಂಡಿ ಸುಡ್ತೈತೆ ಅಂತ. ಬಿಸ್ಲು ಕಣತ್ತೆ ಅಂದೆ ನೀನು" ಎಂದು ಸೊಸೆಯತ್ತ ತಿರುಗಿದರು.

ಜನರನ್ನು ದೂರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಸೀಟಿನ ಬೀಗ ತೆಗೆದೆ. ಗಾಳಿಯಾಡಲೆಂದು ಅರ್ಧ ಗಂಟೆ ಹಾಗೇ ಬಿಟ್ಟೆವು. ಬ್ಯಾಟರಿಯ ಎರಡೂ ಮಗ್ಗುಲು ಪೂರಿಯಂತೆ ಉಬ್ಬಿದ್ದವು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಮಂಜುನಾಥ ಮೊದಲು ನೆಗೆಟಿವ್ ವೈರು ಬಿಡಿಸಿದ, ಆಮೇಲೆ ಪಾಸಿಟಿವ್. ಅವನು ಎರಡನೆಯ ಬೋಲ್ಟು ತಿರುಗಿಸುವಾಗ ನಾನು ಸೋಡದ ನೀರು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅದನ್ನು ಎತ್ತಿ ದೂರದ ಕಲ್ಲಿನ ಮೇಲೆ ಇಟ್ಟ ಮೇಲೆ ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ಅಶ್ವಿನಿಗೆ ಈಗ ಸಿಟ್ಟು ಬಂದಿತ್ತು. "ನಮ್ಮತ್ತೇನ ಹಿಂದೆ ಕೂರಿಸ್ಕಂಡು ಆ ತಿರುವೆಲ್ಲ ಹತ್ತಿದೀನಿ ಅಕ್ಕ. ಮೊನ್ನೆ ಕೊಡೋವಾಗ ಗೊತ್ತಿರ್ಲಿಲ್ವಾ ನಿಮಗೆ?"

"ಬಿಸಿಯಾಗಿತ್ತು. ಗೊತ್ತಿತ್ತು. ಯಾಕೆ ಅಂತ ನೋಡಲಿಲ್ಲ" ಎಂದೆ. ಅವಳು ಮುಖ ತಿರುಗಿಸಿಕೊಂಡಳು.

ಕೆಂಚಮ್ಮ ಬಂದು ನನ್ನ ಪಕ್ಕ ಕೂತರು. ಚೀಲದಿಂದ ರೊಟ್ಟಿ ಚಟ್ನಿ ತೆಗೆದು ನನ್ನ ಕೈಗಿಟ್ಟರು. "ಬ್ಯಾರೆ ಯಾರಿಗೂ ಹಿಂಗಾಗಿಲ್ವಾ?" ಎಂದು ಕೇಳಿದರು.

"ಒಬ್ಬರಿಗೆ ಆಗಿದೆ ಅಮ್ಮ. ಅಜ್ಜಂಪುರದೋರು. ತೊಡೆ ಸುಟ್ಟಿದೆ."

"ಅವ್ರಿಗೂ ಹೇಳಿದ್ಯಾ, ತಪ್ಪು ನಂದು ಅಂತ?"

ನಾನು ರೊಟ್ಟಿಯನ್ನು ಕೆಳಗಿಟ್ಟೆ. ಅವರು ನನ್ನ ಮುಖ ನೋಡಿದರು, ಮತ್ತೆ ಕೇಳಲಿಲ್ಲ.

ಹೊಸ ಬ್ಯಾಟರಿ ಹಾಕಿ, ಎಂಜಿನ್ನು ಓಡಿಸಿ, ಮೀಟರು ಹಿಡಿದು ನೋಡಿದೆವು. ಬೈಕಿನ ಚಾರ್ಜಿಂಗ್ ಸರಿಯಿತ್ತು. ಅವರ ಹಿಂದೆಯೇ ಘಾಟಿ ಇಳಿದೆವು. ಸಿಗ್ನಲ್ ಸಿಕ್ಕ ಕೂಡಲೇ ಪ್ರಸನ್ನನ ಫೋನು ಬಂತು.

"ಆ ಮೂರೂ ಜನಕ್ಕೆ ಫೋನ್ ಮಾಡಿದೆ ಮೇಡಂ. ಇಬ್ಬರು ಬಂದು ಬ್ಯಾಟರಿ ಕೊಟ್ಟು ಹೋದ್ರು. ಇನ್ನೊಬ್ಬರ ಮನೆಗೆ ನಾನೇ ಹೋಗಿ ಬಿಚ್ಕೊಂಡು ಬಂದೆ. ಮಾಲೀಕರಿಗೂ ಹೇಳಿದೀನಿ." ಆಮೇಲೆ, "ಆ ಹುಡುಗಿ ಸಿಕ್ಕಿದ್ರಾ?" ಎಂದ.

ಸಿಕ್ಕಿದರು ಎಂದೆ.

ಮಾಲೀಕರು ಮರುದಿನ ಬಂದು ಚಾರ್ಜರನ್ನು ಹೊರಗೆ ಹಾಕಿಸಿದರು, ಆರೂ ಜನರಿಗೆ ಹೊಸ ಬ್ಯಾಟರಿ ಕೊಡಲು ಒಪ್ಪಿದರು. ಬಿಸಿಯಾಗುತ್ತಿದ್ದುದು ಗೊತ್ತಿದ್ದೂ ನಾಲ್ಕು ದಿನ ಯಾಕೆ ನಡೆಸಿದಿರಿ ಎಂದು ಕೇಳಿ ನನಗೊಂದು ಮೆಮೊ ಬಂತು. ಅದು ನ್ಯಾಯವಾಗಿಯೇ ಇತ್ತು. ನಾನು ಮೆಮೊಗೆ ಉತ್ತರ ಬರೆದುಕೊಟ್ಟು, ಬಸವರಾಜನ ಜಾಬ್ ಕಾರ್ಡಿನ ನಮ್ಮ ಪ್ರತಿಯಲ್ಲಿದ್ದ ಕಾರಣವನ್ನು ಹೊಡೆದು ಹಾಕಿ ಸರಿಯಾದದ್ದು ಬರೆದೆ. ಪ್ರಸನ್ನ ಅದರ ಕೆಳಗೆ ತಾನೂ ಸಹಿ ಮಾಡಿದ. ಆ ಕಾಗದ ಹಿಡಿದು ಮಧ್ಯಾಹ್ನದ ಬಸ್ಸಿಗೆ ಅಜ್ಜಂಪುರಕ್ಕೆ ಹೋದೆ.

ಬಸವರಾಜನ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ತೊಡೆಗೆ ಬ್ಯಾಂಡೇಜು ಕಟ್ಟಿಕೊಂಡು ಎಡಗಾಲೊಂದರಲ್ಲೇ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಮೂಲೆಯಲ್ಲಿ ಆ ಎರಡು ಲೈಟುಗಳು ವೈರಿನ ಸಮೇತ ಬಿದ್ದಿದ್ದವು. ಕಿತ್ತು ಎಸೆದಂತಿತ್ತು. ಅವನ ಹೆಂಡತಿ ಸುಧಾ ನನಗೆ ಸ್ಟೂಲು ಹಾಕಿದಳು. ನಾನು ಕೂರದೆ ನಿಂತೇ ಎಲ್ಲಾ ಹೇಳಿದೆ. ಲೈಟಿನಿಂದ ಆದದ್ದಲ್ಲ, ನಮ್ಮ ಚಾರ್ಜರಿನಿಂದ ಆದದ್ದು. ಸಹಿ ಹಾಕುವಾಗಲೇ ಅದು ಲೈಟಿನಿಂದ ಆಗುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು.

ಅವನು ಹೊಲಿಯುವುದನ್ನು ನಿಲ್ಲಿಸಿದ. ನಾನು ಬೈಗುಳಕ್ಕೆ ತಯಾರಾಗಿದ್ದೆ.

"ಶನಿವಾರ ಆಸ್ಪತ್ರೆಯಿಂದ ಸೀದಾ ಅವನ ಮನೆಗೆ ಹೋದೆ ಕಣಮ್ಮ" ಎಂದ. "ರಾಜಣ್ಣನ ಮನೆಗೆ. ನಿಮ್ಮ ಕಾಗದ ತೋರ್ಸಿದೆ. ಬಾಗಿಲಾಗೆ ನಿಂತ್ಕಂಡು, ಅವನ ಹೆಂಡ್ತಿ ಮಕ್ಕಳ ಎದುರಿಗೆ, ನನ್ನ ಸಾಯ್ಸಕೆ ಹಾಕಿದ್ಯೇನೋ ಲೈಟ್ನಾ ಅಂದ್ಬಿಟ್ಟೆ. ಇನ್ಮೇಲೆ ನಮ್ಮ ಹೊಸ್ಲು ತುಳೀಬ್ಯಾಡ ಅಂದೆ."

ಸುಧಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎರಡು ದಿನದಿಂದ ಗಂಡನ ಪರ ಮಾತಾಡಲಾರದೆ, ತಮ್ಮನ ಪರವೂ ಆಡಲಾರದೆ ಇದ್ದವಳು. "ಅವನೂ ಒಂದು ಮಾತು ಆಡ್ಲಿಲ್ವಂತೆ. ತಲೆ ತಗ್ಗಿಸ್ಕಂಡು ನಿಂತಿದ್ನಂತೆ. ತನ್ದೇ ತಪ್ಪು ಅಂದ್ಕಂಡವ್ನೆ" ಎಂದಳು.

ಬ್ಯಾಟರಿ ಒಡೆದರೆ ಆ್ಯಸಿಡ್ ಎಲ್ಲೆಲ್ಲಿ ಸಿಡಿಯುತ್ತದೆ ಎಂದು ನಾನು ಎಷ್ಟೋ ಜನರಿಗೆ ತಿಳಿಸಿ ಹೇಳಿದ್ದೆ. ನನ್ನ ಒಂದು ಸಹಿ ಈ ಮನೆಯಿಂದ ಇನ್ನೊಂದು ಮನೆಯವರೆಗೆ ಹೋಗುತ್ತದೆ ಎಂದು ಎಣಿಸಿರಲಿಲ್ಲ.

"ಅವರ ಮನೆ ಎಲ್ಲಿ ಹೇಳಿ, ನಾನೇ ಹೋಗಿ ಹೇಳಿ ಬರ್ತೀನಿ" ಎಂದೆ.

ಸುಧಾ ಒಳಗೆ ಹೋಗಿ ಫೋನು ತಂದಳು. ನಂಬರು ಒತ್ತಿ ಕಿವಿಗೆ ಹಿಡಿದಳು. ಆ ಕಡೆ ಎತ್ತಿದರು. "ರಾಜಣ್ಣಾ," ಎಂದಳು. ಅಷ್ಟೇ ಹೇಳಿ ಫೋನನ್ನು ನನ್ನ ಕಡೆ ಚಾಚಿ, "ನೀವೇ ಹೇಳಿ" ಎಂದಳು.

ನಾನು ನನ್ನ ಹೆಸರು ಹೇಳಿದೆ, ಯಾವ ಊರು, ಎಲ್ಲಿ ಕೆಲಸ ಎಂದು ಹೇಳಿದೆ. ನೀವು ಹಾಕಿದ ಲೈಟಿನದು ಏನೂ ತಪ್ಪಿಲ್ಲ, ತಪ್ಪೆಲ್ಲ ನಮ್ಮದು, ಸುಳ್ಳು ಕಾರಣಕ್ಕೆ ಸಹಿ ಹಾಕಿದವಳು ನಾನೇ ಎಂದೆ. ಫೋನು ಇಟ್ಟುಬಿಟ್ಟರೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಇನ್ನೂ ಲೈನಿನಲ್ಲಿದ್ದ.

"ನಮ್ಮ ಭಾವನ ಕಾಲು ಹೆಂಗೈತಮ್ಮ ಈಗ?" ಎಂದು ಕೇಳಿದ.

ನಾನು ಫೋನನ್ನು ಬಸವರಾಜನ ಕೈಗೆ ಕೊಟ್ಟೆ.